ಹಾವು ಕಚ್ಚಿದ ಮೇಲಿನ ಗಂಟೆಗಳು: ಹಳೆಯ ಪ್ರತಿವಿಷ, ಹೊಸ ಸಂಶೋಧನೆ

ಆರೋಗ್ಯ ಉಪಕೇಂದ್ರಗಳಲ್ಲಿ ಕೆಲಸ ಮಾಡುವ ನಿಮ್ಮ ಜೊತೆ ಇವತ್ತಿನ ಮಾತನ್ನು ಒಂದು ಸಣ್ಣ ಲೆಕ್ಕದಿಂದ ಶುರು ಮಾಡೋಣ. ನಮ್ಮಲ್ಲಿ ಹಾವಿನ ವಿಷಕ್ಕೆ ಕೊಡುವ ಪ್ರತಿವಿಷವನ್ನು ಆಸ್ಪತ್ರೆಯಲ್ಲಿ ಎಎಸ್‌ವಿ ಅಂತ ಕರೆಯುತ್ತಾರೆ. ಅದು 10 ಮಿ.ಲೀ.ನ ಸೀಸೆಯಲ್ಲಿ ಬರುತ್ತದೆ. ಒಂದು ಮಿ.ಲೀ. ಎಎಸ್‌ವಿ ಕೊಳಕುಮಂಡಲದ 0.6 ಮಿಲಿಗ್ರಾಂ ವಿಷವನ್ನು ಹಿಡಿದುಹಾಕಬೇಕು ಎಂಬುದು ತಯಾರಿಕೆಯ ಅಳತೆ. ಅಂದರೆ ಸೀಸೆಯೊಂದಕ್ಕೆ 6 ಮಿಲಿಗ್ರಾಂ. ಕೊಳಕುಮಂಡಲ ಒಮ್ಮೆ ಕಚ್ಚಿದರೆ ಸರಾಸರಿ 63 ಮಿಲಿಗ್ರಾಂ ವಿಷ ಇಳಿಸುತ್ತದೆ. 63ನ್ನು 6ರಿಂದ ಭಾಗಿಸಿ ನೋಡಿ, ಹತ್ತೂವರೆ ಬರುತ್ತದೆ. ಮೊದಲ ಡೋಸ್ 8ರಿಂದ 10 ಸೀಸೆ ಎಂದು ವೈದ್ಯರು ಹೇಳುವುದರ ಹಿಂದೆ ಇರುವುದು ಈ ಭಾಗಾಕಾರ. "ಎರಡು ಸೀಸೆ ಹಾಕಿ ನೋಡೋಣ, ಆಮೇಲೆ ಬೇಕಾದರೆ ದೊಡ್ಡಾಸ್ಪತ್ರೆಗೆ ಕಳಿಸೋಣ" ಎನ್ನುವ ಚಿಕಿತ್ಸೆ ಈ ಲೆಕ್ಕದ ಮುಂದೆ ನಿಲ್ಲುವುದಿಲ್ಲ. ಐದು ವರ್ಷದ ಮಗುವಿಗೂ ಅದೇ ಹತ್ತು ಸೀಸೆ. ಮಗು ಚಿಕ್ಕದು ಅಂತ ಹಾವು ವಿಷ ಕಡಿಮೆ ಬಿಡುವುದಿಲ್ಲವಲ್ಲ. ಔಷಧ ಹೊಡೆದಾಡಬೇಕಿರುವುದು ವಿಷದ ಜೊತೆ, ರೋಗಿಯ ತೂಕದ ಜೊತೆಯಲ್ಲ. ಮಗುವಿಗೆ ಕಡಿಮೆ ಮಾಡಬೇಕಾದದ್ದು ಔಷಧ ಬೆರೆಸುವ ಸಲೈನ್‌ನ ಪ್ರಮಾಣ ಮಾತ್ರ.

2000ದಿಂದ 2019ರವರೆಗಿನ ಇಪ್ಪತ್ತು ವರ್ಷಗಳಲ್ಲಿ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಜನ, ವರ್ಷಕ್ಕೆ ಸರಾಸರಿ 58,000 ಎಂದು 2020ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ಅಂದಾಜು ಮಾಡಿತು. ಇವರಲ್ಲಿ ಹೆಚ್ಚಿನವರು ಹಳ್ಳಿಯವರು. ಮುಕ್ಕಾಲು ಪಾಲು ಜನ ಸತ್ತದ್ದು ಆಸ್ಪತ್ರೆಯ ಹೊರಗೆ. ಅರ್ಧದಷ್ಟು ಸಾವು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ, ಅಂದರೆ ಉಳುಮೆ, ನಾಟಿ, ಕಳೆ ಕೀಳುವ ಹೊತ್ತಿನಲ್ಲಿ. ವಿಶ್ವ ಆರೋಗ್ಯ ಸಂಸ್ಥೆ ಹಾವು ಕಡಿತವನ್ನು ನಿರ್ಲಕ್ಷಿತ ಕಾಯಿಲೆಗಳ ಪಟ್ಟಿಗೆ ಸೇರಿಸಿದ್ದೇ 2017ರಲ್ಲಿ. ಹಣವೂ ಸಂಶೋಧನೆಯೂ ಈ ಕಡೆ ತಿರುಗಿದ್ದು ಬಹುಮಟ್ಟಿಗೆ ಅದರ ನಂತರ. ಈಗ ಪತ್ರಿಕೆಗಳಲ್ಲಿ "ಎಲ್ಲ ಹಾವಿಗೂ ಒಂದೇ ಔಷಧ" ಎಂಬ ತಲೆಬರಹ ಬರುತ್ತಿದೆ. ಅಂಥ ಸುದ್ದಿ ಓದುವಾಗ ಎರಡು ಪ್ರಶ್ನೆ ಕೈಯಲ್ಲಿರಲಿ: ಇದು ವಿಷದ ಯಾವ ಭಾಗವನ್ನು ಹಿಡಿಯುತ್ತದೆ? ಕಚ್ಚಿದ ಎಷ್ಟು ಹೊತ್ತಿಗೆ ಕೊಟ್ಟರೆ ಹಿಡಿಯುತ್ತದೆ? ಇವತ್ತಿನ ಮಾತೆಲ್ಲ ಈ ಎರಡು ಪ್ರಶ್ನೆಗಳ ಸುತ್ತಲೇ.

ವಿಷ ಎಂದರೆ ಒಂದೇ ಪದಾರ್ಥವಲ್ಲ. ಹತ್ತಾರು ಪ್ರೋಟೀನುಗಳು ಕೂಡಿದ ಮಿಶ್ರಣ ಅದು. ಕೊಳಕುಮಂಡಲದ ವಿಷದಲ್ಲಿ ರಕ್ತ ಹೆಪ್ಪುಗಟ್ಟಿಸುವ ಸರಪಳಿಯನ್ನೇ ಒಮ್ಮೆಗೇ ಚಾಲೂ ಮಾಡುವ ಕಿಣ್ವಗಳಿವೆ. ದೇಹದಲ್ಲಿದ್ದ ಹೆಪ್ಪುಗಟ್ಟುವ ಅಂಶಗಳೆಲ್ಲ ಅದರಲ್ಲೇ ಖರ್ಚಾಗಿ, ಆಮೇಲೆ ರಕ್ತ ನೀರಿನಂತೆ ಹರಿಯುತ್ತದೆ. ಒಸಡಿನಲ್ಲಿ, ಮೂತ್ರದಲ್ಲಿ ರಕ್ತ ಕಾಣಿಸುತ್ತದೆ, ಕಿಡ್ನಿ ಕೈಕೊಡುತ್ತದೆ. ಗರಗಸ ಮಂಡಲದ ವಿಷದಲ್ಲಿ ಸತುವನ್ನು ಆಧರಿಸಿ ಕೆಲಸ ಮಾಡುವ ಕಿಣ್ವಗಳು ರಕ್ತನಾಳದ ಗೋಡೆಯನ್ನು ಕೊರೆಯುತ್ತವೆ. ನಾಗರಹಾವಿನ ವಿಷ ನರ ಮತ್ತು ಸ್ನಾಯುವಿನ ನಡುವಿನ ಬಾಗಿಲಲ್ಲಿ, ಸ್ನಾಯುವಿನ ಕಡೆ ಬೀಗ ಜಡಿಯುತ್ತದೆ, ಜೊತೆಗೆ ಕಚ್ಚಿದ ಜಾಗದ ಮಾಂಸವನ್ನೂ ಕೊಳೆಸುತ್ತದೆ. ಕಟ್ಟುಹಾವಿನ ವಿಷ ಅದೇ ಬಾಗಿಲಿನ ನರದ ಕಡೆಗೆ ಹೋಗಿ ನರದ ತುದಿಯನ್ನೇ ಹಾಳುಮಾಡುತ್ತದೆ. ಈ ನಾಲ್ಕು ಹಾವುಗಳ ವಿಷಕ್ಕೆ ಮಾತ್ರ ನಮ್ಮ ಎಎಸ್‌ವಿ ತಯಾರಾಗುತ್ತದೆ.

ಇನ್ನು, ಕಚ್ಚಿದ ಕೂಡಲೇ ಏನು ಮಾಡಬೇಕು? ಕಚ್ಚಿದ್ದು ಕಾಲಿಗಾದರೆ ಕಾಲುಂಗುರ, ಗೆಜ್ಜೆ. ಕೈಗಾದರೆ ಬಳೆ, ಉಂಗುರ, ವಾಚು ಮೊದಲು ತೆಗೆಯಿರಿ. ಊತ ಏರಿದ ಮೇಲೆ ಅವೇ ಬೆರಳನ್ನು ಕತ್ತರಿಸುವ ತಂತಿಯಾಗುತ್ತವೆ. ಮೂಳೆ ಮುರಿದಾಗ ಕಟ್ಟುವಂತೆ ಒಂದು ಕೋಲೋ ರಟ್ಟೋ ಇಟ್ಟು ಆ ಕಾಲನ್ನು ಅಲುಗದಂತೆ ಸಡಿಲವಾಗಿ ಕಟ್ಟಿ. ನಡೆಸಬೇಡಿ, ಓಡಿಸಬೇಡಿ. ಸ್ನಾಯು ಅಲುಗಿದಷ್ಟೂ ವಿಷ ಬೇಗ ಏರುತ್ತದೆ. ವಾಂತಿ ಬರುತ್ತಿದ್ದರೆ ಎಡಮಗ್ಗುಲಿಗೆ ಮಲಗಿಸಿ. 108ಕ್ಕೆ ಕರೆ ಮಾಡಿ. ಅದು ಬರುವುದು ತಡವಾಗುವಂತಿದ್ದರೆ ಬೈಕಿನಲ್ಲಿ ಇಬ್ಬರ ನಡುವೆ ಕೂರಿಸಿಕೊಂಡಾದರೂ ಹೊರಡಿ. ಕೊಯ್ಯುವುದು, ಹೀರುವುದು, ಐಸು ಇಡುವುದು, ಸುಡುವುದು, ಕಲ್ಲು ಅಂಟಿಸುವುದು ಯಾವುದೂ ಬೇಡ. ರಕ್ತ ಹೆಪ್ಪುಗಟ್ಟದ ಮನುಷ್ಯನಿಗೆ ಬ್ಲೇಡಿನ ಒಂದು ಗೀರು ಎಷ್ಟು ಅಪಾಯ ಎಂದು ಬೇರೆ ಹೇಳಬೇಕಿಲ್ಲ.

ಬಿಗಿಯಾಗಿ ಹಗ್ಗ ಕಟ್ಟುವುದರ ಬಗ್ಗೆ ಸ್ವಲ್ಪ ನಿಲ್ಲಬೇಕು, ಏಕೆಂದರೆ ಅದು ಇವತ್ತಿಗೂ ಎಲ್ಲ ಕಡೆ ನಡೆಯುತ್ತಿದೆ. ಹಗ್ಗ ವಿಷದಿಂದ ಕಾಪಾಡುವುದಿಲ್ಲ. ಕಾಲಿಗೆ ಹೋಗುವ ರಕ್ತವನ್ನು ತಡೆಯುತ್ತದೆ, ವಿಷವನ್ನು ಒಂದೇ ಕಡೆ ಗಟ್ಟಿಯಾಗಿ ಕೂರಿಸಿ ಮಾಂಸ ಕೊಳೆಯುವುದನ್ನು ಹೆಚ್ಚಿಸುತ್ತದೆ. ಈಗಾಗಲೇ ಕಟ್ಟಿಕೊಂಡು ಬಂದವರ ಹಗ್ಗವನ್ನು ದಾರಿಯಲ್ಲಿ ಯಾರೂ ಫಕ್ಕನೆ ಬಿಚ್ಚಬಾರದು. ತಡೆದು ನಿಂತಿದ್ದ ವಿಷ ಒಮ್ಮೆಗೇ ನುಗ್ಗಿ, ರಕ್ತದೊತ್ತಡ ಕುಸಿಯಬಹುದು, ಉಸಿರು ನಿಲ್ಲಬಹುದು. ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿ, ಕೈಯಿಂದ ಒತ್ತಿ ಉಸಿರು ಕೊಡುವ ಆಂಬು ಬ್ಯಾಗು, ಔಷಧ ಪಕ್ಕದಲ್ಲಿಟ್ಟುಕೊಂಡು, ಹಗ್ಗದ ಕೆಳಗೆ ನಾಡಿ ಸಿಗುತ್ತದೆಯೇ ನೋಡಿ, ಆಮೇಲೆ ಬಿಚ್ಚಬೇಕು.

ಈಗ ಈ ಗಾಜಿನ ನಳಿಕೆ ನೋಡಿ. ಹಾವು ಕಡಿತದ ಚಿಕಿತ್ಸೆಯಲ್ಲಿ ಇದರಷ್ಟು ಅಗ್ಗದ, ಇದರಷ್ಟು ಬೆಲೆಬಾಳುವ ಉಪಕರಣ ಇನ್ನೊಂದಿಲ್ಲ. ರಕ್ತನಾಳದಿಂದ ಆಗತಾನೆ ತೆಗೆದ 2 ಮಿ.ಲೀ. ರಕ್ತವನ್ನು ಇದಕ್ಕೆ ಹಾಕಿ, ನೆಟ್ಟಗೆ ನಿಲ್ಲಿಸಿ, 20 ನಿಮಿಷ ಮುಟ್ಟದೆ ಬಿಡಬೇಕು. ಗಡಿಯಾರ ನೋಡಿಯೇ 20 ನಿಮಿಷ. ಆಮೇಲೆ ಒಂದೇ ಸಲ ನಿಧಾನವಾಗಿ ವಾಲಿಸಬೇಕು. ರಕ್ತ ಮೊಸರಿನ ಗಟ್ಟಿಯಂತೆ ನಿಂತರೆ ಹೆಪ್ಪುಗಟ್ಟಿದೆ. ಗೋಡೆಗುಂಟ ಹರಿದು ಬಂದರೆ ಮಂಡಲದ ವಿಷ ರಕ್ತಕ್ಕೆ ಸೇರಿದೆ, ಎಎಸ್‌ವಿ ಶುರು ಮಾಡಬೇಕು.

ಇಷ್ಟು ಸರಳವಾದದ್ದು ಕೆಡುವುದು ಎಲ್ಲಿ? ನಳಿಕೆ ಪ್ಲಾಸ್ಟಿಕ್ಕಿನದಾದರೆ ಕೆಡುತ್ತದೆ. ಗಾಜಿನ ಮೇಲ್ಮೈ ತಾಗಿದಾಗ ಹೆಪ್ಪುಗಟ್ಟುವ ಸರಪಳಿ ಚುರುಕಾಗುತ್ತದೆ. ಪ್ಲಾಸ್ಟಿಕ್ಕಿಗೆ ಆ ಗುಣ ಇಲ್ಲ, ಒಳ್ಳೆಯ ರಕ್ತವೂ ತೆಳುವಾಗಿಯೇ ಉಳಿಯಬಹುದು. ಸೋಪಿನ ಪುಡಿ ಹಾಕಿ ತೊಳೆದ ಹಳೆಯ ನಳಿಕೆಯಾದರೂ ಹಾಗೆಯೇ, ಸೋಪಿನ ತೆಳು ಪದರ ಗಾಜನ್ನು ಮುಚ್ಚಿಬಿಟ್ಟಿರುತ್ತದೆ. ಹತ್ತನೆಯ ನಿಮಿಷಕ್ಕೇ ಎತ್ತಿ ಅಲುಗಿಸಿ ನೋಡುವುದು ಇನ್ನೊಂದು ತಪ್ಪು. ಅನುಮಾನ ಬಂದರೆ ಜೊತೆಗೆ ಬಂದಿರುವ ಆರೋಗ್ಯವಂತರೊಬ್ಬರ 2 ಮಿ.ಲೀ. ರಕ್ತವನ್ನು ಅಂಥದೇ ನಳಿಕೆಯಲ್ಲಿ ಪಕ್ಕಕ್ಕಿಡಿ. ಅದೂ ಹೆಪ್ಪುಗಟ್ಟದಿದ್ದರೆ ತಪ್ಪು ನಳಿಕೆಯದು. ಮೊದಲ ಪರೀಕ್ಷೆ ಸರಿ ಬಂತು ಎಂದು ಮನೆಗೆ ಕಳಿಸುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ವಿಷ ಏರಲು ಗಂಟೆಗಳು ಬೇಕಾಗಬಹುದು, ಆದ್ದರಿಂದ ಪರೀಕ್ಷೆಯನ್ನು ಮತ್ತೆ ಮತ್ತೆ ಮಾಡಬೇಕು, ರೋಗಿಯನ್ನು 24 ಗಂಟೆ ಇಟ್ಟುಕೊಳ್ಳಬೇಕು. ಇನ್ನೂ ಒಂದು ಮಾತು: ನಾಗರ, ಕಟ್ಟುಹಾವು ಕಚ್ಚಿದಾಗ ಈ ಪರೀಕ್ಷೆ ಸರಿಯಾಗಿಯೇ ಬರುತ್ತದೆ. ಅಲ್ಲಿ ನೋಡಬೇಕಾದದ್ದು ಕಣ್ಣಿನ ರೆಪ್ಪೆ ಜೋತುಬೀಳುತ್ತಿದೆಯೇ ಎಂದು.

ಎಎಸ್‌ವಿ ಕುದುರೆಗೆ ಹಾವಿನ ವಿಷ ಚುಚ್ಚಿ ಅದರ ರಕ್ತದಿಂದ ತೆಗೆಯುವ ಪ್ರೋಟೀನು, ಕೆಲವರಿಗೆ ಅದರಿಂದ ಅಲರ್ಜಿಯಾಗುತ್ತದೆ. ಹಾಗಾಗಿ ವಿಷದ ಲಕ್ಷಣ ಇದ್ದವರಿಗೆ ಮಾತ್ರ ಕೊಡುತ್ತಾರೆ. ಹಾವು ಕಚ್ಚಿದೆ ಎಂಬ ಒಂದೇ ಕಾರಣಕ್ಕೆ ಕೊಡುವುದಿಲ್ಲ. ವಿಷದ ಹಾವು ಕಚ್ಚಿದರೂ ಎಷ್ಟೋ ಸಲ ವಿಷ ಇಳಿದಿರುವುದಿಲ್ಲ. ಪುಡಿಯ ರೂಪದ ಸೀಸೆಗೆ 10 ಮಿ.ಲೀ. ಶುದ್ಧ ನೀರು ಹಾಕಿ ಅಂಗೈಗಳ ನಡುವೆ ಮೆಲ್ಲಗೆ ಹೊರಳಿಸಬೇಕು. ಗಡಿಬಿಡಿಯಲ್ಲಿ ಕುಲುಕಿದರೆ ನೊರೆ ಏಳುತ್ತದೆ, ಪ್ರೋಟೀನು ಕೆಡುತ್ತದೆ, ನೊರೆಯಲ್ಲೇ ಔಷಧ ಉಳಿದುಹೋಗುತ್ತದೆ. ಕರಗಿದ್ದನ್ನೆಲ್ಲ ಸಲೈನ್‌ಗೆ ಸೇರಿಸಿ ಅರ್ಧದಿಂದ ಒಂದು ಗಂಟೆಯೊಳಗೆ ರಕ್ತನಾಳಕ್ಕೆ ಬಿಡಬೇಕು. ಕಚ್ಚಿದ ಜಾಗಕ್ಕೆ ಸುತ್ತ ಚುಚ್ಚುವುದು ವ್ಯರ್ಥ. ಮೊದಲು ಚರ್ಮಕ್ಕೆ ಸ್ವಲ್ಪ ಹಾಕಿ ಪರೀಕ್ಷಿಸುವ ಪದ್ಧತಿಯನ್ನೂ ಕೈಬಿಟ್ಟಾಗಿದೆ, ಏಕೆಂದರೆ ಯಾರಿಗೆ ಅಲರ್ಜಿಯಾಗುತ್ತದೆ ಎಂಬುದನ್ನು ಅದು ತಿಳಿಸುವುದಿಲ್ಲ.

ಅಲರ್ಜಿಯ ಭಯವೇ ಎಷ್ಟೋ ಸಣ್ಣ ಆಸ್ಪತ್ರೆಗಳಲ್ಲಿ ಸೀಸೆ ಇದ್ದೂ ರೋಗಿಯನ್ನು ಮುಂದಕ್ಕೆ ಕಳಿಸುವಂತೆ ಮಾಡುತ್ತದೆ. ಈ ಭಯಕ್ಕೆ ಔಷಧ ಇದೆ, ಅದು ಅಡ್ರಿನಲಿನ್. ಡ್ರಿಪ್ ಶುರುವಾಗುವ ಮುಂಚೆಯೇ ಸಿರಿಂಜಿನಲ್ಲಿ ತುಂಬಿ ಪಕ್ಕದಲ್ಲಿರಬೇಕು. ಮೈ ತುರಿಕೆ, ಚಳಿ, ದದ್ದು, ಕೆಮ್ಮು, ಉಬ್ಬಸ, ಯಾವುದು ಕಂಡರೂ ಡ್ರಿಪ್ ನಿಲ್ಲಿಸಿ, ದೊಡ್ಡವರಿಗೆ 0.5 ಮಿ.ಗ್ರಾಂ. ತೊಡೆಯ ಹೊರಭಾಗದ ಸ್ನಾಯುವಿಗೆ. ಮಕ್ಕಳಿಗೆ ಕಿಲೋ ತೂಕಕ್ಕೆ 0.01 ಮಿ.ಗ್ರಾಂ. ಸುಧಾರಿಸಿದ ಮೇಲೆ ಡ್ರಿಪ್ ನಿಧಾನವಾಗಿ ಮತ್ತೆ ಶುರು. ನಿಲ್ಲಿಸಿದ್ದನ್ನು ಮರೆತು ಹಾಗೇ ಬಿಟ್ಟರೆ ಅಲರ್ಜಿಯಿಂದ ಪಾರಾದವರನ್ನು ವಿಷಕ್ಕೆ ಒಪ್ಪಿಸಿದ ಹಾಗಾಗುತ್ತದೆ. ಶ್ರೀಲಂಕಾದಲ್ಲಿ ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಮುಂಚಿತವಾಗಿ ಸಣ್ಣ ಪ್ರಮಾಣದ ಅಡ್ರಿನಲಿನ್ ಕೊಟ್ಟಾಗ ಮೊದಲ ಗಂಟೆಯ ತೀವ್ರ ಪ್ರತಿಕ್ರಿಯೆಗಳು ಶೇ. 43ರಷ್ಟು ಇಳಿದವು. ಎಲ್ಲರೂ ರೂಢಿಯಿಂದ ಕೊಡುವ ಹೈಡ್ರೊಕಾರ್ಟಿಸೋನ್, ಪ್ರೊಮೆಥಜಿನ್‌ಗಳಿಂದ ಅಂಥ ಲಾಭ ಕಾಣಲಿಲ್ಲ.

ಮಂಡಲದ ಕಡಿತದಲ್ಲಿ ಎರಡನೆಯ ಡೋಸ್ ಬೇಕೇ ಎಂದು ತೀರ್ಮಾನಿಸುವುದು ಆರು ಗಂಟೆಯ ನಂತರ. ವಿಷವನ್ನು ಹಿಡಿದ ಮೇಲೂ, ಖರ್ಚಾದ ಅಂಶಗಳನ್ನು ಲಿವರ್ ಹೊಸದಾಗಿ ತಯಾರಿಸಲು ಅಷ್ಟು ಹೊತ್ತು ಬೇಕು. ಎರಡೇ ಗಂಟೆಗೆ ನಳಿಕೆ ನೋಡಿ "ಔಷಧ ಕೆಲಸ ಮಾಡಲಿಲ್ಲ" ಎಂದು ಇನ್ನೂ ಹತ್ತು ಸೀಸೆ ಸುರಿಯುವುದು ದುಂದು. ಆರು ಗಂಟೆಯ ನಂತರವೂ ರಕ್ತ ಹರಿಯುತ್ತಿದ್ದರೆ ಆಗ ಮತ್ತೆ ಕೊಡುವುದು.

ಕಟ್ಟುಹಾವಿನ ವಿಷಯ ಬೇರೆ. ಇದು ರಾತ್ರಿ ಓಡಾಡುವ ಹಾವು. ನೆಲದ ಮೇಲೆ ಚಾಪೆ ಹಾಸಿ ಮಲಗಿದವರನ್ನು ಕಚ್ಚುತ್ತದೆ, ಸೊಳ್ಳೆ ಕಚ್ಚಿದಷ್ಟೂ ನೋವಾಗದೆ ಇರಬಹುದು, ಗುರುತೂ ಉಳಿಯುವುದಿಲ್ಲ. ಬೆಳಗಿನ ಜಾವ ಹೊಟ್ಟೆನೋವು, ವಾಂತಿ ಎಂದು ಏಳುತ್ತಾರೆ. ಗ್ಯಾಸ್ ಎಂದು ಮಾತ್ರೆ ಕೊಟ್ಟು ಮಲಗಿಸುತ್ತಾರೆ. ಆಮೇಲೆ ರೆಪ್ಪೆ ಜೋತುಬೀಳುತ್ತದೆ, ಮಾತು ತೊದಲುತ್ತದೆ, ಉಗುಳು ನುಂಗಲಾಗುವುದಿಲ್ಲ. ನೆಲದ ಮೇಲೆ ಮಲಗಿದ್ದವರು ಮಳೆಗಾಲದ ನಸುಕಿನಲ್ಲಿ ಹೊಟ್ಟೆನೋವೆಂದು ಎದ್ದರೆ ಮೊದಲು ರೆಪ್ಪೆ ನೋಡಿ. ಒಂದೇ ಉಸಿರಿನಲ್ಲಿ ಎಷ್ಟರವರೆಗೆ ಎಣಿಸುತ್ತಾರೆ ಎಂದು ಕೇಳಿ, ಅರ್ಧ ಗಂಟೆ ಬಿಟ್ಟು ಮತ್ತೆ ಎಣಿಸಿ. ಎಣಿಕೆ ಇಳಿಯುತ್ತಿದ್ದರೆ ಉಸಿರಾಟದ ಸ್ನಾಯು ಸೋಲುತ್ತಿದೆ.

ನಾಗರಹಾವಿನ ಬೀಗವನ್ನು ತೆರೆಯಲು ಎಎಸ್‌ವಿ ಜೊತೆಗೆ ನಿಯೊಸ್ಟಿಗ್ಮಿನ್ 1.5ರಿಂದ 2 ಮಿ.ಗ್ರಾಂ., ಅದರ ಅಡ್ಡಪರಿಣಾಮ ತಡೆಯಲು ಅಟ್ರೊಪಿನ್ 0.6 ಮಿ.ಗ್ರಾಂ. ಕೊಟ್ಟರೆ, ಮುಚ್ಚಿದ ಕಣ್ಣು ಅರ್ಧ ಗಂಟೆಯಲ್ಲಿ ತೆರೆಯುವುದುಂಟು. ಕಟ್ಟುಹಾವಿನಲ್ಲಿ ಸಾಮಾನ್ಯವಾಗಿ ಇದು ನಡೆಯುವುದಿಲ್ಲ. ನರದ ತುದಿಯೇ ಹಾಳಾಗಿದ್ದರೆ ಬಾಗಿಲು ತಟ್ಟುವವರೇ ಇಲ್ಲ. ಆಗ ಎಎಸ್‌ವಿಯನ್ನು ಸೀಸೆಯ ಮೇಲೆ ಸೀಸೆ ಏರಿಸಿದರೂ ಹಾಳಾದ ತುದಿ ಸರಿಹೋಗದು. ಅದು ಮತ್ತೆ ಬೆಳೆಯುವವರೆಗೆ ದಿನಗಟ್ಟಲೆ ವೆಂಟಿಲೇಟರ್ ಬೇಕು. ವೆಂಟಿಲೇಟರ್ ಇರುವ ಆಸ್ಪತ್ರೆ ತಲುಪುವವರೆಗೆ ಆಂಬು ಬ್ಯಾಗು ಒತ್ತುತ್ತಿರುವ ಎರಡು ಕೈಗಳೇ ಔಷಧ. ಇಂಥ ರೋಗಿಯ ಕಣ್ಣುಪಾಪೆ ಅಗಲವಾಗಿ ಬೆಳಕಿಗೆ ಅಲುಗದೆ ನಿಂತಿರಬಹುದು, ಕೈಕಾಲು ಸತ್ತಂತೆ ಬಿದ್ದಿರಬಹುದು. ಆದರೂ ಒಳಗೆ ಎಚ್ಚರವಿರುತ್ತದೆ, ಸುತ್ತ ಆಡುವ ಮಾತೆಲ್ಲ ಕೇಳುತ್ತಿರುತ್ತದೆ. ಕಣ್ಣುಪಾಪೆ ನೋಡಿ "ಮುಗಿಯಿತು" ಎಂದು ಬ್ಯಾಗು ಕೈಬಿಡಬಾರದು.

ಹೊಸ ಔಷಧ ಏಕೆ ಬೇಕು ಎಂಬುದು ಇಷ್ಟರಿಂದಲೇ ಅರ್ಧ ತಿಳಿಯುತ್ತದೆ. ಎಎಸ್‌ವಿ ಆಸ್ಪತ್ರೆಯಲ್ಲಿ, ಡ್ರಿಪ್‌ನಲ್ಲಿ, ವೈದ್ಯರ ಕಣ್ಣೆದುರೇ ಆಗಬೇಕಾದದ್ದು. ವಿಷ ಕೆಲಸ ಶುರು ಮಾಡುವುದು ಗದ್ದೆಯಲ್ಲಿ. ಉಳಿದರ್ಧ ಕಾರಣ ವಿಷದ ಮೂಲದಲ್ಲಿದೆ. ನಮ್ಮ ತಯಾರಕರಿಗೆ ಬೇಕಾದ ವಿಷ ಬಹುಪಾಲು ಬರುವುದು ಚೆನ್ನೈ ಹತ್ತಿರದ, ಹಾವು ಹಿಡಿಯುವ ಇರುಳ ಬುಡಕಟ್ಟಿನವರ ಸಹಕಾರ ಸಂಘದಿಂದ. 1978ರಲ್ಲಿ ಶುರುವಾದ ಈ ಸಂಘದ ಕುಶಲತೆ ಇಲ್ಲದಿದ್ದರೆ ದೇಶಕ್ಕೆ ಪ್ರತಿವಿಷವೇ ಇರುತ್ತಿರಲಿಲ್ಲ. ಆದರೆ ಒಂದೇ ಜಾತಿಯ ಹಾವಿನ ವಿಷ ಊರಿಂದೂರಿಗೆ ಬದಲಾಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಾರ್ತಿಕ್ ಸುನಗರ್ ಅವರ ಪ್ರಯೋಗಾಲಯ ದೇಶದ ಬೇರೆ ಬೇರೆ ಭಾಗಗಳ ವಿಷವನ್ನು ಹೋಲಿಸಿ, ಕೆಲವು ಪ್ರದೇಶಗಳ ಹಾವುಗಳ ಮೇಲೆ ಈಗಿನ ಎಎಸ್‌ವಿ ಎಷ್ಟು ದುರ್ಬಲ ಎಂಬುದನ್ನು ತೋರಿಸಿಕೊಟ್ಟಿದೆ. ಮಲೆನಾಡಿನವರು ಇನ್ನೊಂದನ್ನು ತಿಳಿದಿರಬೇಕು. ಮೂಗಿನ ತುದಿ ಮೇಲೆ ಚಾಚಿದ, ತರಗೆಲೆಯ ಬಣ್ಣದ ಸಣ್ಣ ಗುಳಿಮಂಡಲ ಕಾಫಿ, ಅಡಿಕೆ ತೋಟಗಳಲ್ಲಿರುತ್ತದೆ. ಅದರ ವಿಷವೂ ರಕ್ತವನ್ನೂ ಕಿಡ್ನಿಯನ್ನೂ ಕೆಡಿಸಬಲ್ಲದು, ನಮ್ಮ ಎಎಸ್‌ವಿ ಅದಕ್ಕೆ ತಯಾರಾದದ್ದಲ್ಲ. ಕಾಳಿಂಗ ಸರ್ಪಕ್ಕೂ ನಮ್ಮಲ್ಲಿ ಪ್ರತಿವಿಷ ತಯಾರಾಗುವುದಿಲ್ಲ, ಅದು ಕಚ್ಚುವುದು ತೀರ ಅಪರೂಪ ಎಂಬುದೊಂದೇ ಸಮಾಧಾನ. (ಪಶ್ಚಿಮ ಘಟ್ಟದ ಕಾಳಿಂಗವನ್ನು 2024ರಲ್ಲಿ ಪ್ರತ್ಯೇಕ ಪ್ರಭೇದ ಎಂದು ಗುರುತಿಸಿ, ಅದರ ವೈಜ್ಞಾನಿಕ ಹೆಸರಿನಲ್ಲೇ ಕನ್ನಡದ 'ಕಾಳಿಂಗ' ಸೇರಿಸಿದ್ದಾರೆ.)

ಹೊಸದರಲ್ಲಿ ನನಗೆ ಅತ್ಯಂತ ಹತ್ತಿರದ್ದು ಅನ್ನಿಸುವುದು ನುಂಗುವ ಔಷಧ, ವರೆಸ್ಪ್ಲಾಡಿಬ್. ಹೃದಯದ ಕಾಯಿಲೆಗೆ ಪರೀಕ್ಷಿಸಿ ಫಲ ಕಾಣದೆ ಬಿಟ್ಟಿದ್ದ ಔಷಧ ಅದು. ಫಾಸ್ಫೊಲೈಪೇಸ್ ಎ2 ಎಂಬ ಕಿಣ್ವವನ್ನು ತಡೆಯುತ್ತದೆ. ಆ ಕಿಣ್ವ ಕೊಳಕುಮಂಡಲದ ವಿಷದಲ್ಲೂ ಇದೆ, ಕಟ್ಟುಹಾವು ನರದ ತುದಿ ಹಾಳುಮಾಡಲು ಬಳಸುವ ವಿಷಾಂಶದಲ್ಲೂ ಇದೆ. ಭಾರತ ಮತ್ತು ಅಮೆರಿಕದ ಆಸ್ಪತ್ರೆಗಳಲ್ಲಿ ಮಾಮೂಲಿ ಚಿಕಿತ್ಸೆಯ ಜೊತೆಗೆ ಇದನ್ನು ಕೊಟ್ಟು ನೋಡಿದ ಪರೀಕ್ಷೆಯ ಫಲಿತಾಂಶ 2024ರಲ್ಲಿ ಬಂತು. ಒಟ್ಟು ರೋಗಿಗಳನ್ನು ತೆಗೆದುಕೊಂಡರೆ ಮುಖ್ಯ ಅಳತೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಕಚ್ಚಿದ ಐದು ಗಂಟೆಯೊಳಗೆ ಔಷಧ ಪಡೆದವರಲ್ಲಿ ಮಾತ್ರ ಲಾಭದ ಸುಳಿವು ಸಿಕ್ಕಿತು. ಇದನ್ನು ಸೋಲು ಎಂದು ಬದಿಗಿಡುವವರ ಜೊತೆ ನಾನಿಲ್ಲ, ಗೆಲುವು ಎನ್ನುವಂತೆಯೂ ಇಲ್ಲ. ಬೇಗ ಕೊಟ್ಟೇ ಪರೀಕ್ಷಿಸುವ ಇನ್ನೊಂದು ದೊಡ್ಡ ಅಧ್ಯಯನ ಆಗಬೇಕು. ಇನ್ನೊಂದು ಯುನಿಥಿಯೋಲ್, ಪಾದರಸದಂಥ ಲೋಹಗಳ ವಿಷಕ್ಕೆ ಹಿಂದಿನಿಂದ ಬಳಸುತ್ತಿರುವ ಔಷಧ. ಗರಗಸ ಮಂಡಲದ ಕಿಣ್ವಗಳಿಗೆ ಬೇಕಾದ ಸತುವನ್ನೇ ಕಿತ್ತುಕೊಳ್ಳುವುದು ಅದರ ಉಪಾಯ. ಕೆನ್ಯಾದಲ್ಲಿ ಆರೋಗ್ಯವಂತ ಸ್ವಯಂಸೇವಕರ ಮೇಲೆ ಅದರ ಸುರಕ್ಷತೆಯ ಪರೀಕ್ಷೆ ನಡೆದಿದೆ. ನಾಗರಹಾವು ಕಚ್ಚಿದಾಗ ಅದು ಏನೂ ಮಾಡಲಾರದು. ರೆಪ್ಪೆ ಮುಚ್ಚಿಸುವ ವಿಷಾಂಶಕ್ಕೂ ಸತುವಿಗೂ ಸಂಬಂಧವಿಲ್ಲ.

ಕುದುರೆಯನ್ನು ಬಿಟ್ಟು ಪ್ರಯೋಗಾಲಯದಲ್ಲೇ ಪ್ರತಿಕಾಯ (ವಿಷವನ್ನು ಹಿಡಿದುಹಾಕುವ ಪ್ರೋಟೀನು) ತಯಾರಿಸುವ ದಾರಿ ಮತ್ತೊಂದು. 2024ರಲ್ಲಿ ಅಮೆರಿಕದ ಸ್ಕ್ರಿಪ್ಸ್ ಸಂಸ್ಥೆಯವರು ಮತ್ತು ನಮ್ಮ ವಿಜ್ಞಾನ ಸಂಸ್ಥೆಯವರು ಸೇರಿ 95ಮ್ಯಾಟ್5 ಎಂಬ ಮಾನವ ಪ್ರತಿಕಾಯವನ್ನು ಪ್ರಕಟಿಸಿದರು. ನಾಗರ, ಕಟ್ಟುಹಾವು, ಆಫ್ರಿಕಾದ ಮಾಂಬಾಗಳ ಕುಟುಂಬದಲ್ಲಿ ಕಾಣುವ ಒಂದು ಬಗೆಯ ನರವಿಷವನ್ನು ಅದು ಹಿಡಿಯುತ್ತದೆ, ಇಲಿಗಳನ್ನು ಉಳಿಸಿದೆ. 2025ರ ಜನವರಿಯಲ್ಲಿ, ಹಿಂದಿನ ವರ್ಷವಷ್ಟೇ ನೊಬೆಲ್ ಪಡೆದಿದ್ದ ಅಮೆರಿಕದ ವಿಜ್ಞಾನಿ ಡೇವಿಡ್ ಬೇಕರ್ ಅವರ ತಂಡ ಕಂಪ್ಯೂಟರಿನಲ್ಲೇ ವಿನ್ಯಾಸ ಮಾಡಿದ ಪುಟ್ಟ ಪ್ರೋಟೀನುಗಳಿಂದ ಇಂಥದೇ ನರವಿಷಗಳನ್ನು ಇಲಿಗಳಲ್ಲಿ ತಡೆಯಿತು. ಅದೇ ವರ್ಷ ಮೇ ತಿಂಗಳಲ್ಲಿ ಎರಡು ಪ್ರತಿಕಾಯಗಳ ಜೊತೆ ವರೆಸ್ಪ್ಲಾಡಿಬ್ ಬೆರೆಸಿದ ಮಿಶ್ರಣವೊಂದು ಈ ಕುಟುಂಬದ 19 ಹಾವುಗಳಲ್ಲಿ 13ರ ವಿಷದಿಂದ ಇಲಿಗಳನ್ನು ಪೂರ್ತಿಯಾಗಿ, ಉಳಿದವುಗಳಿಂದ ಭಾಗಶಃ ಕಾಪಾಡಿತು. "ಎಲ್ಲ ಹಾವಿಗೂ ಒಂದೇ ಔಷಧ" ಎಂಬ ತಲೆಬರಹ ಬಂದದ್ದು ಇಲ್ಲಿಂದ. ಆ 19ರಲ್ಲಿ ಮಂಡಲದ ಜಾತಿ ಒಂದೂ ಇಲ್ಲ. ನಮ್ಮ ಹೊಲಗಳಲ್ಲಿ ಹೆಚ್ಚು ಜನರನ್ನು ಕಚ್ಚುವ ಕೊಳಕುಮಂಡಲಕ್ಕೆ ಆ ಮಿಶ್ರಣದ ಪ್ರತಿಕಾಯಗಳು ತಯಾರಾಗಿಲ್ಲ. ಮಾಂಸ ಕೊಳೆಯುವುದನ್ನು ತಡೆಯಲು, ರಕ್ತ ತೆಳುಗೊಳಿಸುವ ಹೆಪಾರಿನ್ ಜಾತಿಯ ಅಗ್ಗದ ಔಷಧಗಳು ವಿಷ ಉಗುಳುವ ನಾಗರಗಳ ಮೇಲೆ ಕೆಲಸ ಮಾಡುತ್ತವೆ ಎಂದು 2024ರಲ್ಲಿ ಸಿಡ್ನಿಯ ತಂಡ ತೋರಿಸಿದೆ. ಅದೂ ಇಲಿಗಳಲ್ಲೇ. ಮಂಡಲ ಕಚ್ಚಿ ರಕ್ತ ಹೆಪ್ಪುಗಟ್ಟದಿರುವವರಿಗೆ ಯಾರಾದರೂ ಈ ಸುದ್ದಿ ಓದಿ ಹೆಪಾರಿನ್ ಕೊಟ್ಟರೆ ಅನಾಹುತ.

ಇವೆಲ್ಲ ಬರುವವರೆಗೆ ಎಎಸ್‌ವಿ ಎಲ್ಲಿ, ಎಷ್ಟು ಬೇಕು ಎಂಬ ಲೆಕ್ಕವಾದರೂ ಸರಿಯಿರಬೇಕು. 2024ರ ಫೆಬ್ರವರಿಯಲ್ಲಿ ಕರ್ನಾಟಕ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ ಎಂದು ಘೋಷಿಸಿತು, ದೇಶದಲ್ಲೇ ಮೊದಲಿಗೆ. ಸರ್ಕಾರಿ ಆಸ್ಪತ್ರೆಗಳಷ್ಟೇ ಅಲ್ಲ, ಖಾಸಗಿಯವರೂ ಪ್ರತಿ ಕಡಿತವನ್ನೂ ಸಾವನ್ನೂ ತಿಳಿಸಬೇಕು. ಮುಂದಿನ ತಿಂಗಳೇ ಕೇಂದ್ರ ಸರ್ಕಾರ 2030ರೊಳಗೆ ಸಾವನ್ನು ಅರ್ಧಕ್ಕೆ ಇಳಿಸುವ ರಾಷ್ಟ್ರೀಯ ಯೋಜನೆ ಪ್ರಕಟಿಸಿತು. ಆಸ್ಪತ್ರೆಯವರು ತುಂಬುವ ಆ ವರದಿಯ ನಮೂನೆಯಿಂದಲೇ ಯಾವ ತಾಲ್ಲೂಕಿಗೆ ಮಳೆಗಾಲಕ್ಕೆ ಮುಂಚೆ ಎಷ್ಟು ಸೀಸೆ ಹೋಗಬೇಕು ಎಂದು ತಿಳಿಯುವುದು. ವರದಿಯಾಗದ ಊರಿಗೆ ಸೀಸೆಯೂ ಬರುವುದಿಲ್ಲ.

ಇನ್ನು ಮನೆಗೆ ಹೋದ ಮೇಲಿನದು. ಇದನ್ನು ಯಾರೂ ಹೇಳುವುದಿಲ್ಲ, ಬಿಡುಗಡೆ ಚೀಟಿಯಲ್ಲೂ ಬರೆದಿರುವುದಿಲ್ಲ. ಎಎಸ್‌ವಿ ಪಡೆದ ಒಂದೆರಡು ವಾರದೊಳಗೆ ಜ್ವರ, ಕೀಲುನೋವು, ಮೈಮೇಲೆ ದದ್ದು ಬಂದರೆ ಅದು ಕುದುರೆಯ ಪ್ರೋಟೀನಿಗೆ ದೇಹ ತೋರಿಸುವ ತಡವಾದ ಪ್ರತಿಕ್ರಿಯೆ. ಅದಕ್ಕೆ ಚಿಕಿತ್ಸೆ ಇದೆ, ಆದರೆ ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗಬೇಡಿ. ಮಂಡಲದ ವಿಷದಿಂದ ಆಗಲೇ ಪೆಟ್ಟು ತಿಂದ ಕಿಡ್ನಿಗೆ ಅದು ಎರಡನೆಯ ಪೆಟ್ಟು. ಮೂತ್ರ ಕಡಿಮೆಯಾದರೆ, ಮುಖ ಬಾತರೆ ಅದೇ ದಿನ ಹೋಗಿ ಕಿಡ್ನಿಯ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ. ಕೊಳಕುಮಂಡಲದ ವಿಷ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯಲ್ಲಿ ರಕ್ತಸ್ರಾವ ಮಾಡಿದ್ದರೆ ಅದು ತಿಂಗಳುಗಳ, ಕೆಲವೊಮ್ಮೆ ವರ್ಷಗಳ ನಂತರ ಹೊರಬೀಳುತ್ತದೆ: ತೀರದ ಸುಸ್ತು, ಚಳಿ ತಡೆಯಲಾಗದಿರುವುದು, ಕಂಕುಳ ಕೂದಲು ಉದುರುವುದು, ಹೆಂಗಸರಲ್ಲಿ ಮುಟ್ಟು ನಿಲ್ಲುವುದು. ರಕ್ತಹೀನತೆ ಎಂದು ವರ್ಷಗಟ್ಟಲೆ ಟಾನಿಕ್ ಕುಡಿಸುತ್ತಾರೆ. ಕಾರ್ಟಿಸೋಲ್ ಮತ್ತು ಥೈರಾಯ್ಡ್ ಹಾರ್ಮೋನುಗಳ ಪರೀಕ್ಷೆ ಮಾಡಿಸಿದರೆ ತಿಳಿಯುತ್ತದೆ, ದಿನದ ಮಾತ್ರೆಯಲ್ಲಿ ಮನುಷ್ಯ ಮೊದಲಿನಂತಾಗುತ್ತಾನೆ. ಮೊದಲು ಕಾರ್ಟಿಸೋಲ್ ಕೊರತೆ ತುಂಬಿ, ಆಮೇಲೆ ಥೈರಾಯ್ಡ್ ಮಾತ್ರೆ ಶುರು ಮಾಡಬೇಕು, ಹಿಂದುಮುಂದಾಗಬಾರದು. ಅಂಥ ಸುಸ್ತಿನವರು ನಿಮ್ಮ ಉಪಕೇಂದ್ರಕ್ಕೆ ಬಂದಾಗ ಬಿ.ಪಿ. ನೋಡುತ್ತಾ ಒಂದು ಮಾತು ಕೇಳಿ: "ಹಿಂದೆ ಯಾವಾಗಲಾದರೂ ಹಾವು ಕಚ್ಚಿತ್ತೇನಮ್ಮಾ?"